ಹುಳುಮನೆಯ ಹೊಸ್ತಿಲು

ಗಂಗರತ್ನಳಿಗೆ ಅವನು ಮೊದಲು ತಿಳಿದದ್ದು ವಾಸನೆಯಿಂದ. ಹುಳುಮನೆಯ ನೆಲದಲ್ಲಿ ಕೂತು ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಕರ್ಪೂರ, ಬೇವಿನೆಣ್ಣೆ, ಇನ್ನೇನೋ ಕುದುರೆ ಲಾಯದ ಘಾಟು ಸೇರಿಕೊಂಡು ಬಾಗಿಲಿನಿಂದ ಒಳಗೆ ನುಗ್ಗಿತು.

"ಅಲ್ಲೇ ನಿಲ್ಲಿ! ಹೊಸ್ತಿಲು ದಾಟ್ಬೇಡಿ!"

ಬಾಗಿಲಲ್ಲಿದ್ದವನು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ. ಎತ್ತರದ ಆಳು, ಬಗಲಲ್ಲಿ ಊರುಗೋಲು. ಎಡಗಾಲಿನ ಹಿಮ್ಮಡಿಗೆ ಬಿದಿರ ಸೀಳು ಕೊಟ್ಟು ಬಟ್ಟೆ ಕಟ್ಟಿತ್ತು.

"ಪಕ್ಕದ ಮನೆ ಭಾರತಮ್ಮ ನಮ್ಮಕ್ಕ. ಒಲೆಗೆ ಕಡ್ಡಿ ಇಸ್ಕೊಂಡು ಬಾ ಅಂದ್ಲು. ನಾನು ಒಳಗೆ ಬರಬಾರ್ದಾ?"

"ಬರಬಾರ್ದು. ನಿಮ್ಮ ಕಾಲು..." ಎಂದವಳು ಮುಂದಿನ ಮಾತಿಗೆ ತಡಕಾಡಿದಳು.

ಅವನು ಕಾಯಲಿಲ್ಲ. ಮುಖ ಚಿಕ್ಕದಾಯಿತು. "ಕುಂಟ ಕಾಲಿಟ್ರೆ ಕೆಟ್ಟದಾಗ್ತದೆ ಅಂತಾನಾ? ಸರಿ ಬಿಡಿ" ಎಂದು ತಿರುಗಿ, ಕೋಲು ಊರುತ್ತ ಹೊರಟೇಹೋದ. ಸೊಪ್ಪು ಬಿಡಿಸಿದ ಕಡ್ಡಿಯ ಹೊರೆ ಬಾಗಿಲ ಪಕ್ಕದಲ್ಲೇ ಉಳಿಯಿತು.

ಸಂಜೆ ಭಾರತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಂಗಳದಲ್ಲಿ ನಿಂತಳು. "ಏನೇ ರತ್ನಾ, ನನ್ನ ತಮ್ಮ ಕದಿರೇಶನ್ನ ಅಟ್ಟಿಬಿಟ್ಯಂತೆ?"

"ಅಯ್ಯೋ ಅಕ್ಕಾ, ಎಣ್ಣೆ ವಾಸನೆ ಕಣಕ್ಕಾ! ಆ ಘಾಟಿಗೆ ಹುಳ ಸೊಪ್ಪು ಬಿಟ್ಬಿಡ್ತಾವೆ. ಅವರು ಏನೋ ಅಂದ್ಕೊಂಡು ಹೋಗ್ಬಿಟ್ರು."

ಭಾರತಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಪೋನೀಲೆ, ಹೋಗ್ಲಿ ಬಿಡು, ಮಾಸ್ತಿ ಕಡೆಯೋನು, ರಾಗಿ ಹೊಲ ಬಿಟ್ರೆ ಹಸ ಗೊತ್ತು. ಹುಳದ ವಿಷಯ ಅವನಿಗೇನು ಗೊತ್ತು? ಕಾಲು ಹೋದಾಗಿಂದ ಯಾರು ಏನಂದ್ರೂ ಮನಸ್ಸಿಗೆ ಹಚ್ಕೊತಾನೆ. ಮೂಳೆ ಕಟ್ಟೋ ಪೆದ್ದಪ್ಪನ ಹತ್ರ ಕಟ್ಟಿಸೋಣ ಅಂತ ನಾನೇ ಕರೆಸಿದ್ದು." ನಗು ಮೆಲ್ಲಗೆ ಇಳಿಯಿತು. "ಓಡ್ತಿದ್ದ ಕಣೇ. ಗಾಳಿ ಓಡಿದಂಗೆ."

ಮರುದಿನ ಅವನು ಮತ್ತೆ ಬಂದ. ಬಾಗಿಲ ಹತ್ತಿರ ಸುಳಿಯಲಿಲ್ಲ. ಅಂಗಳದಾಚೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೂಗಿದ.

"ಇಲ್ಲಿಂದ ಮಾತಾಡಿದ್ರೆ ನಿಮ್ಮ ಹುಳಕ್ಕೆ ತಲೆನೋವು ಬರ್ತದಾ?"

"ಗಾಳಿ ಯಾವ ಕಡೆಯಿಂದ ಐತೆ ನೋಡ್ಕೊಂಡು ಕೂತ್ಕೊಳ್ಳಿ."

ಅವನು ಎದ್ದು, ಬಹಳ ಗಂಭೀರವಾಗಿ ಹೆಗಲ ಟವಲನ್ನು ಎತ್ತಿ ಹಿಡಿದು ಗಾಳಿ ನೋಡಿದ. ಆಮೇಲೆ ಕಲ್ಲಿನ ಈ ತುದಿಯಿಂದ ಆ ತುದಿಗೆ ಸರಿದು ಕೂತ. ಗಂಗರತ್ನಳಿಗೆ ನಗು ಬಂತು. ತನ್ನ ನಗು ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನಗುವವರು ಇರಲಿಲ್ಲ. ಅಪ್ಪ ವೆಂಕಟರಾಯಪ್ಪ ಬೆಳಗಾದರೆ ತೋಟ, ಸಂಜೆಯಾದರೆ ಮೌನ. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಮನೆಯವರೂ ಕಾಲು ತೊಳೆದೇ ಬರಬೇಕು. ಗಾಳಿ ಈ ಕಡೆ ಬೀಸುವಾಗ ಒಗ್ಗರಣೆ ಹಾಕುವಂತಿಲ್ಲ. ಮಲ್ಲಿಗೆ ಮುಡಿಯುವಂತಿಲ್ಲ. ವಾರಗೆಯ ಹುಡುಗಿಯರೆಲ್ಲ ಮದುವೆಯಾಗಿ ಹೋಗಿದ್ದರು. ತವರಿಗೆ ಬಂದವರು ಮುಡಿ ತುಂಬ ಹೂವಿನೊಂದಿಗೆ ಅಂಗಳದಲ್ಲೇ ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಸಾವಿರಾರು ಬಾಯಿಗಳು ಸೊಪ್ಪು ಮೇಯುವ ಸರಸರ ಸದ್ದೊಂದೇ ಅವಳ ಜೊತೆಗೆ ಇರುತ್ತಿದ್ದದ್ದು.

ಈಗ ಕಲ್ಲಿನ ಮೇಲೊಬ್ಬನು. ದಿನಾ ಬರುತ್ತಿದ್ದ. ಅವಳು ಒಳಗೆ ಸೊಪ್ಪು ಹೆಚ್ಚುತ್ತ, ಅವನು ಹೊರಗೆ ಕಡ್ಡಿ ಮುರಿಯುತ್ತ ಮಾತಾಡುತ್ತಿದ್ದರು. ನಡುವೆ ಅಂಗಳದಷ್ಟು ದೂರ.

"ಇಷ್ಟೊಂದು ರೇಷ್ಮೆ ಏನು ಮಾಡ್ತಾರ್ರೀ?"

"ಈಗ ಯುದ್ಧಕ್ಕಂತೆ. ವಿಮಾನದಿಂದ ನೆಗೆಯೋವ್ರಿಗೆ ಛತ್ರಿ ಮಾಡ್ತಾರಂತೆ."

"ಬೀಳೋವ್ರಿಗೆ ರೇಷ್ಮೆನಾ!" ಅವನು ನಕ್ಕ. "ನಾನು ಬಿದ್ದಾಗ ಸಿಕ್ಕಿದ್ದು ಬರೀ ಧೂಳು."

ಆ ದಿನ ಅವನು ಹೇಳಿದ. ಮಹಾರಾಜರ ವರ್ಧಂತಿಗೆ ಪ್ರತಿ ವರ್ಷ ಮುಳಬಾಗಿಲಿನಿಂದ ಕೋಲಾರಕ್ಕೆ, ಈ ಊರ ಮೇಲೇ ಹಾಯುವ ಮದ್ರಾಸು ರಸ್ತೆಯಲ್ಲಿ ಓಟದ ಪಂದ್ಯ. ಎರಡು ಸಲ ಬೆಳ್ಳಿ ಕಪ್ ಅವನದೇ. ಹೋದ ವರ್ಷ ಕೋಲಾರದ ಬೆಟ್ಟ ಕಣ್ಣಿಗೆ ಬಿದ್ದ ಮೇಲೆ ಹಿಮ್ಮಡಿಯಲ್ಲಿ ಹಗ್ಗ ಕಿತ್ತಂತಾಯಿತು. ರಸ್ತೆ ಪಕ್ಕ ಮಗುಚಿ ಬಿದ್ದ.

"ನೋವು ಅಷ್ಟು ಗೊತ್ತಾಗ್ಲಿಲ್ಲ. ಹಿಂದೆ ಇದ್ದೋರು ಒಬ್ಬೊಬ್ರೇ ನನ್ನ ದಾಟ್ಕೊಂಡು ಹೋದ್ರಲ್ಲ, ಆ ಹೆಜ್ಜೆ ಸದ್ದು. ಕೆನ್ನೆ ನೆಲದ ಮೇಲಿತ್ತು, ನೆಲದೊಳಗಿಂದ ಕೇಳಿಸ್ತಿತ್ತು. ಈಗ್ಲೂ ಕಣ್ಣು ಮುಚ್ಚಿದ್ರೆ ಅದೇ."

ಗಂಗರತ್ನಳ ಕತ್ತಿ ನಿಂತಿತು. "ಆಮೇಲೆ?"

"ಆಮೇಲೆ ನೋವು ಕಮ್ಮಿಯಾಯ್ತು ಅಂತ ಯುಗಾದಿ ಕಳೀತಿದ್ದಂಗೆ ಓಡೋಕೆ ಹೋದೆ. ಅದೇ ಜಾಗದಲ್ಲಿ ಮತ್ತೆ ಕಿತ್ಕೊಂತು." ಕೈಯಲ್ಲಿದ್ದ ಕಡ್ಡಿಯನ್ನು ಸಣ್ಣ ಸಣ್ಣ ತುಂಡು ಮಾಡಿದ. "ಮೊದಮೊದ್ಲು ಎಲ್ರೂ ಯಾವಾಗ ಓಡ್ತೀಯಾ ಅಂತ ಕೇಳೋರು. ಕೇಳ್ಬೇಡ್ರಪ್ಪಾ ಅನ್ನಿಸ್ತಿತ್ತು. ಈಗ ಯಾರೂ ಕೇಳಲ್ಲ. ಅದು ಇನ್ನೂ ಕಷ್ಟ."

ಏನಾದರೂ ಹೇಳಬೇಕು ಎಂದು ಅವಳಿಗನ್ನಿಸಿತು. ಹೇಳಲು ಹೊರಟ ಮಾತುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟಳು. ಕಡೆಗೆ, "ಮಜ್ಜಿಗೆ ಕುಡೀತೀರಾ?" ಎಂದಳು.

ಅವನು ತಲೆಯೆತ್ತಿ ನೋಡಿದ. ಬಾಗಿಲ ನೆರಳಿನಲ್ಲಿ ಅವಳ ಕಣ್ಣು ಮಾತ್ರ ಕಾಣುತ್ತಿತ್ತೋ ಏನೋ, ಬಹಳ ಹೊತ್ತು ನೋಡಿದ. "ಉಪ್ಪು ಜಾಸ್ತಿ ಹಾಕಿ" ಎಂದ.

ಇನ್ನೊಂದು ದಿನ ಕೇಳಿದ, "ನೀವು ಹೂವೇ ಮುಡಿಯಲ್ವಾ?"

"ಹುಳ ಇರೋವಾಗ ಮುಡಿಯಂಗಿಲ್ಲ."

"ಹುಳ ಯಾವಾಗ ಇರಲ್ಲ?"

ಅವಳು ಯೋಚಿಸಿದಳು. ಒಂದು ಬೆಳೆ ಇಳಿದರೆ ಇನ್ನೊಂದು. "ಗೊತ್ತಿಲ್ಲ" ಎಂದಳು, ಸೊಪ್ಪಿನ ಕಡೆ ತಿರುಗಿ.

ಪೆದ್ದಪ್ಪ ಕಟ್ಟು ಬದಲಿಸಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: ನರ ಕೂಡಿಕೊಳ್ಳುವವರೆಗೆ ಕಾಲಿಗೆ ಭಾರ ಹಾಕಬೇಡ, ಎಣ್ಣೆ ತಿಕ್ಕಬೇಡ, ಇನ್ನೊಂದು ಸಲ ಕಿತ್ತರೆ ನನ್ನ ಹತ್ತಿರ ಬರಬೇಡ. ಅಷ್ಟಾದರೂ ಎಣ್ಣೆಯ ವಾಸನೆ ಹೋಗಲಿಲ್ಲ. ಜಟಕಾ ಸಾಬರು ಕುದುರೆ ಕಾಲಿಗೆ ತಿಕ್ಕುವ ಎಣ್ಣೆ ಅದು. ಹಚ್ಚಿದರೆ ಕಾಲು ಜೋಮು ಹಿಡಿದು ನೋವು ತಿಳಿಯುವುದಿಲ್ಲ. ವರ್ಧಂತಿಯ ಜುಲೈ ಹತ್ತಿರ ಬಂದಂತೆ ಆ ವಾಸನೆ ಬೆಳಗ್ಗೆಯೇ ಬರತೊಡಗಿತು, ಮದ್ರಾಸು ರಸ್ತೆಯ ಕಡೆಯಿಂದ. ಗಂಗರತ್ನ ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಅವಳಿಗೆ ತಿಳಿಯುತ್ತಿತ್ತು, ಅವನು ಕೋಲು ಬಿಟ್ಟು ನಡೆಯುತ್ತಿದ್ದಾನೆ. ಇವತ್ತು ನಿನ್ನೆಗಿಂತ ದೂರ.

ಅವಳಿಗೆ ಭಯವಾಗುತ್ತಿತ್ತು. ಅದರ ಕೆಳಗೆ ಇನ್ನೊಂದು ಭಯ ಇತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಕಾಲು ಸರಿಹೋದರೆ ಅವನು ಮಾಸ್ತಿಗೆ ಹೋಗುತ್ತಾನೆ. ಅವನು ಕಲ್ಲಿನಿಂದ ಎದ್ದು ಕುಂಟಿದಾಗ ಅವಳ ಎದೆಯಲ್ಲಿ ಒಂದು ಸಣ್ಣ ಸಮಾಧಾನ ಹುಟ್ಟುತ್ತಿತ್ತು. ಅದು ಹುಟ್ಟಿದ ಕೂಡಲೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

"ಈ ಸಲ ಓಡ್ತೀನಿ" ಎಂದ ಒಂದು ದಿನ.

"ಪೆದ್ದಪ್ಪ..."

"ಪೆದ್ದಪ್ಪನಿಗೆ ಮೂಳೆ ಗೊತ್ತು. ಓಡದೇ ಇರೋ ನಾನು ಯಾರು ಅಂತ ಅವನಿಗೆ ಗೊತ್ತಾ? ನನಗೇ ಗೊತ್ತಿಲ್ಲ."

"ಕಾಲು ಪೂರ್ತಿ ಹೋಗ್ಬಿಟ್ರೆ?"

"ಹೋದ್ರೆ ಹೋಗ್ಲಿ. ನಿಮಗ್ಯಾಕೆ ಅಷ್ಟು ಚಿಂತೆ?"

ಆ ಮಾತಿಗೆ ಇದ್ದ ಒಂದೇ ಉತ್ತರ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿದಳು. "ಹೌದು, ನಾನ್ಯಾರು? ಓಡಿ" ಎಂದು ಒಳಗೆ ಹೋದಳು. ಬಾಗಿಲ ಚಾಪೆ ಇಳಿಬಿಟ್ಟಳು.

ಎರಡು ದಿನ ಕಲ್ಲು ಖಾಲಿಯಿತ್ತು.

ಹುಳುಗಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವುದಕ್ಕೆ ರೈತರು ಹೇಳುವುದೇ ಜ್ವರ ಎಂದು. ಮೇಯುವ ಸದ್ದು ನಿಂತು ಮನೆಯೆಲ್ಲ ನಿಶ್ಶಬ್ದವಾಗಿತ್ತು. ತಟ್ಟೆ ತುಂಬ ಹುಳುಗಳು ತಲೆಯೆತ್ತಿ ಕಲ್ಲಾಗಿ ನಿಂತಿದ್ದವು. ಹಿಂದಿನ ದಿನಗಳ ದಣಿವಿಗೆ ಗಂಗರತ್ನ ಮಧ್ಯಾಹ್ನ ಗೋಡೆಗೊರಗಿ ನಿದ್ದೆಹೋದಳು. ಅಪ್ಪ ತೋಟದಲ್ಲಿದ್ದ.

ಎಚ್ಚರವಾದದ್ದು ಘಾಟಿಗೆ. ಕದಿರೇಶ ಹೊಸ್ತಿಲ ಒಳಗಿದ್ದ! ಬಗ್ಗಿ ದೊಡ್ಡ ತಟ್ಟೆಯ ಮೇಲೆ ಸೊಪ್ಪು ಹರಡುತ್ತಿದ್ದ, ಬಹಳ ನಾಜೂಕಾಗಿ, ಮಗುವಿಗೆ ಹೊದಿಸಿದಂತೆ.

"ಏನ್ಮಾಡ್ತಿದ್ದೀರಾ!"

ಅವನು ಬೆಚ್ಚಿದ. "ನಿಮ್ಮತ್ರ ಮಾತಾಡೋಣ ಅಂತ ಬಂದೆ. ನೀವು ನಿದ್ದೆ. ಹುಳ ಅಲ್ಲಾಡ್ತಾನೇ ಇರ್ಲಿಲ್ಲ, ತಟ್ಟೇಲಿ ಒಂದು ಎಲೆಯೂ ಇಲ್ಲ. ಹಸ್ಕೊಂಡು ಸಾಯ್ತಾ ಅವೆ ಅಂತ..."

ಅವಳು ಬಯ್ಯಲಿಲ್ಲ. ತಟ್ಟೆಯ ಮುಂದೆ ಕೂತು ಸೊಪ್ಪನ್ನು ಎಲೆ ಎಲೆಯಾಗಿ ತೆಗೆಯತೊಡಗಿದಳು. ಬೇಗ ಎದ್ದ ಕೆಲವು ಆಗಲೇ ಬಾಯಿ ಹಾಕಿದ್ದವು. ಉಳಿದವು ಸೊಪ್ಪಿನ ಕೆಳಗೆ ಸಿಕ್ಕಿ, ಹಿಡಿದ ಹಿಡಿತ ತಪ್ಪಿ ಮಗುಚಿಕೊಂಡಿದ್ದವು.

"ಈಗ ಅವಕ್ಕೆ ಸೊಪ್ಪು ಬೇಡ. ಮುಟ್ಟೋದೂ ಬೇಡ. ನೋಡೋರಿಗೆ ಸತ್ತಂಗೇ ಕಾಣ್ತವೆ."

"ಸತ್ತಿಲ್ವಾ?"

"ಒಳಗೆ ಹೊಸ ಚರ್ಮ ಬರ್ತಾ ಇರ್ತದೆ."

ಒಂದು ಹುಳವನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಹಳೆಯ ಪೊರೆ ಅರ್ಧ ಕಳಚಿ ನಡುವಿನಲ್ಲೇ ಬಿಗಿದು ನಿಂತಿತ್ತು. ಅವನು ಅದನ್ನೇ ನೋಡಿದ.

"ಇದು?"

"ಇದು ಉಳಿಯಲ್ಲ."

ಅವನು ತನ್ನ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದ. ಹೊರಗೆ ಹೋದ. ತಟ್ಟೆಯಲ್ಲಿ ಕಾಲು ಭಾಗ ಹುಳ ಹೋಯಿತು. ಅಪ್ಪ ಕೇಳಿದಾಗ ಅವಳು, "ನಾನು ನಿದ್ದೆ ಮಾಡ್ಬಿಟ್ಟೆ" ಎಂದಷ್ಟೇ ಹೇಳಿದಳು.

ಆಮೇಲೆ ಬೆಳಗಿನ ಗಾಳಿಯಲ್ಲಿ ಎಣ್ಣೆಯ ವಾಸನೆ ಬರಲಿಲ್ಲ. ಊರಿಗೆ ಹೊರಟುಹೋದನೋ, ಮುಳಬಾಗಿಲಿನಲ್ಲಿ ಓಟಗಾರರ ಜೊತೆ ಇದ್ದಾನೋ ತಿಳಿಯದು. ಭಾರತಮ್ಮನನ್ನು ಕೇಳಲು ಧೈರ್ಯ ಸಾಲಲಿಲ್ಲ. ವಾಸನೆ ಬಂದರೆ ಹೆದರುತ್ತಿದ್ದವಳು ಈಗ ಬಾರದ ವಾಸನೆಗಾಗಿ ಬಾಗಿಲಲ್ಲಿ ನಿಂತು ಗಾಳಿ ಹಿಡಿಯುತ್ತಿದ್ದಳು.

ವರ್ಧಂತಿಯ ದಿನ ಬಂತು. ಊರಿನವರೆಲ್ಲ ಓಟ ನೋಡಲು ರಸ್ತೆಗೆ ಹೋದರು. ಗಂಗರತ್ನ ಹೋಗಲಿಲ್ಲ. ಹುಳು ಹಣ್ಣಾಗಿದ್ದವು. ಬಿಸಿಲಿಗೆ ಹಿಡಿದ ದ್ರಾಕ್ಷಿಯಂತೆ ಮೈ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಒಂದೊಂದನ್ನೇ ಎತ್ತಿ ಬಿದಿರಿನ ಚಂದ್ರಿಕೆಯ ಸುರುಳಿಯಲ್ಲಿ ಬಿಡುತ್ತಿದ್ದಳು. ದೂರದಲ್ಲಿ ತಮಟೆ, ಕೇಕೆ. ಓಟಗಾರರು ಊರು ದಾಟುತ್ತಿದ್ದಾರೆ. ಅವಳು ಕಿವಿ ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹುಳುಗಳಿದ್ದವು. ಸದ್ದು ಕೋಲಾರದ ಕಡೆಗೆ ಸಣ್ಣದಾಗುತ್ತ ಹೋಗಿ ನಿಂತಿತು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ನೀರು ಸುರಿದ ಸದ್ದಾಯಿತು. ಯಾರೋ ಕಾಲು ತೊಳೆಯುತ್ತಿದ್ದರು, ನಿಧಾನವಾಗಿ, ಒಂದು ಕಾಲು, ಆಮೇಲೆ ಇನ್ನೊಂದು. ಅಪ್ಪ ಇರಬೇಕೆಂದು ಅವಳು ತಿರುಗಲಿಲ್ಲ.

"ಗಾಳಿ ಯಾವ ಕಡೆಯಿಂದ ಐತೆ?"

ಅವಳು ತಿರುಗಿದಳು. ಕದಿರೇಶ ಹೊಸ್ತಿಲ ಆಚೆ ನಿಂತಿದ್ದ. ಕೋಲಿತ್ತು. ಕಾಲಿನ ಕಟ್ಟು ಹೊಸದಾಗಿತ್ತು.

"ನೀವು... ಓಟ?"

"ಹುಣಸೇಮರದ ಕೆಳಗೆ ನಿಂತಿದ್ದೆ. ಒಬ್ಬೊಬ್ರೇ ದಾಟ್ಕೊಂಡು ಹೋದ್ರು. ಕಡೇಯೋನು ಹೋಗಿ ಧೂಳು ಇಳಿಯೋವರೆಗೂ ನಿಂತಿದ್ದೆ. ಅತ್ಬಿಟ್ಟೆ ಅನ್ಸುತ್ತೆ. ಯಾರೂ ನೋಡ್ಲಿಲ್ಲ."

"ಇಷ್ಟು ದಿನ ಎಲ್ಲಿದ್ರಿ?"

"ಅಕ್ಕನ ಮನೇಲೇ, ಮಲಗಿದ್ದೆ. ಅಲ್ಲಾಡದೇ ಇರೋದು ಎಷ್ಟು ಕಷ್ಟ ಅಂತೀರಾ, ಓಡೋದೇ ಸುಲಭ." ನಕ್ಕು, ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದ. ಬಾಳೆಲೆಯ ಚೂರಿನಲ್ಲಿ ಒಂದು ಮೊಳ ಕನಕಾಂಬರ. "ಮೂಸಿ ನೋಡಿ."

ಅವಳು ಬಗ್ಗಿ ಮೂಸಿದಳು. ಏನೂ ಇರಲಿಲ್ಲ. ಹೂವಿಗೂ ಇಲ್ಲ, ಅದನ್ನು ಹಿಡಿದ ಕೈಗೂ ಇಲ್ಲ. ನೀರು ಬಿದ್ದ ನೆಲದ ತಣ್ಣನೆ ವಾಸನೆ ಅಷ್ಟೇ. ಅವಳ ಕಣ್ಣು ತುಂಬಿತು.

"ಒಳಗೆ ಬರ್ಲಾ?" ಎಂದ, ಬಹಳ ಮೆಲ್ಲಗೆ.

"ಇಲ್ಲಿಗೆ ಹೊರಗಿನವ್ರು ಬರಂಗಿಲ್ಲ."

"ಗೊತ್ತು ರತ್ನಾ. ಅದಕ್ಕೇ ಕೇಳ್ತಿದ್ದೀನಿ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಕೇಳಬೇಕಾದದ್ದೊಂದಿತ್ತು, ಕೇಳದಿದ್ದರೆ ಆ ಹಳೆಯ ಭಯ ಸಾಯುವವರೆಗೂ ಬಿಡುತ್ತಿರಲಿಲ್ಲ. "ಕಾಲು ಸರಿಹೋದ್ರೆ ಹೋಗ್ಬಿಡ್ತೀರಲ್ಲ?"

"ಸರಿಹೋಗ್ತದೋ ಇಲ್ವೋ ಗೊತ್ತಿಲ್ಲ. ಸರಿಹೋದ್ರೆ ಓಡ್ತೀನಿ, ಸುಳ್ಳು ಹೇಳಲ್ಲ. ಆದ್ರೆ ಕೋಲಾರಕ್ಕೆ ಹೋದೋನು ವಾಪಸ್ ಬರ್ಬೇಕಲ್ಲ. ಬರೋ ದಾರೀಲೇ ಈ ಮನೆ ಐತೆ."

"ಓಡೋಕೆ ಆಗ್ದೇ ಇದ್ರೆ?"

"ಸೊಪ್ಪು ಹೆಚ್ಚೋದು ಕಲಿಸ್ತೀಯಾ?"

ಅವಳು ನಗಲೂ ಆಗದೆ ಅಳಲೂ ಆಗದೆ ಪಕ್ಕಕ್ಕೆ ಸರಿದಳು. ಅವನು ಕೋಲನ್ನು ಗೋಡೆಗೆ ಒರಗಿಸಿ, ಅವಳ ಭುಜಕ್ಕೆ ಒಂದೇ ಒಂದು ಬೆರಳು ತಾಗಿಸಿ ಆಸರೆ ಮಾಡಿಕೊಂಡು ಹೊಸ್ತಿಲು ದಾಟಿದ. ಹಣ್ಣಾದ ಹುಳವೊಂದನ್ನು ಅವಳು ಅವನ ಅಂಗೈಯಲ್ಲಿಟ್ಟಳು. ಅದು ತಲೆಯಾಡಿಸುತ್ತ ನೂಲಿನ ಮೊದಲ ಎಳೆಯನ್ನು ಅವನ ಬೆರಳಿಗೇ ಅಂಟಿಸಿತು.

ವೆಂಕಟರಾಯಪ್ಪ ಓಟ ನೋಡಿಕೊಂಡು ಬಂದವನು ಎಂದಿನಂತೆ ಬಾಗಿಲಲ್ಲಿ ನಿಂತು ಮೂಸಿದ. ಘಾಟು ಇರಲಿಲ್ಲ. ಗೋಡೆಗೆ ಒರಗಿದ್ದ ಕೋಲನ್ನು ನೋಡಿದ. ಒಳಗೆ ಹೋಗಿದ್ದ ಒದ್ದೆ ಹೆಜ್ಜೆಗಳನ್ನು ನೋಡಿದ. ಒಂದು ಹೆಜ್ಜೆ ಪೂರ್ತಿ ಮೂಡಿತ್ತು. ಇನ್ನೊಂದರಲ್ಲಿ ಬೆರಳುಗಳು ಮಾತ್ರ, ಹಿಮ್ಮಡಿಯ ಜಾಗ ಒಣಗಿತ್ತು. ಮಗಳ ಜಡೆಯಲ್ಲಿ ಕನಕಾಂಬರವಿತ್ತು.

ಅವನು ಬಾಗಿಲ ಚಾಪೆಯನ್ನು ತಾನೇ ಇಳಿಬಿಟ್ಟು, "ಗಾಳಿ ಜೋರೈತೆ, ಹುಳ ಗೂಡು ಕಟ್ಟೋ ಹೊತ್ತು" ಎಂದು ಹೇಳಿ, ಭಾರತಮ್ಮನ ಮನೆಯ ಕಡೆ ಹೊರಟ.