ಆರು ಮೂಲೆಯ ಚೂರು

"ಆರು ಮೂಲೆ ಇತ್ತಾ? ಸರಿಯಾಗಿ ಎಣಿಸಿದ್ಯಾ ಅಮ್ಮ?"

"ಎಣಿಸೋದೇನು ಬಂತು, ಮೈಕ್ರೋಸ್ಕೋಪಲ್ಲಿ ಎದ್ದು ಕಾಣ್ತಿತ್ತು. ನೇರಳೆ ಬಣ್ಣ. ಕತ್ತರಿಸಿಟ್ಟ ಹಾಗೆ ಆರು ಮೂಲೆ," ಎಂದಳು ಅಮ್ಮ. ಮನೆಗೆ ಬಂದು ಹತ್ತು ನಿಮಿಷವಾಗಿದ್ದರೂ ಬಾಗಿಲ ಪಕ್ಕದ ಸ್ಟೂಲಿನಿಂದ ಅವಳಿನ್ನೂ ಎದ್ದಿರಲಿಲ್ಲ. ಬ್ಯಾಗು ತೊಡೆಯ ಮೇಲೇ ಇತ್ತು.

"ಯಾಕೆ ಆರು? ಯಾಕೆ ಐದಲ್ಲ?"

ಮೂಲೆಯ ಮೇಜಿನಿಂದ ತಾತ ನಕ್ಕರು. ಅವರು ವಾಚ್ ರಿಪೇರಿ ಮಾಡುವವರು. ಅಂಗಡಿ ಮುಚ್ಚಿದ ಮೇಲೂ ಒಂದೆರಡು ವಾಚು ಮನೆಗೆ ತಂದು ಬಿಚ್ಚಿಟ್ಟುಕೊಳ್ಳುತ್ತಿದ್ದರು. "ಶುರುವಾಯ್ತು ನೋಡು. ಇವಳಿಗೆ ಯಾಕಮ್ಮ ಅಂತ ಸುಮ್ಮನೆ ಹೆಸರಿಟ್ಟೆನಾ ನಾನು?"

ಯಾಕಮ್ಮನಿಗೆ ಹತ್ತು ವರ್ಷ. ಸ್ಕೂಲಿನ ರಿಜಿಸ್ಟರಿನಲ್ಲಿ ಅವಳಿಗೆ ಬೇರೆ ಹೆಸರಿತ್ತು. ಮನೆಯಲ್ಲಿ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ.

ಅಮ್ಮ ಕೆಲಸ ಮಾಡುವುದು ಬೆಳಕಿನ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿ ಧೂಳೇ ಇಲ್ಲದ ಒಂದು ಕೋಣೆಯಿದೆ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ಹಾಕಬೇಕು. ಕಣ್ಣು ಮಾತ್ರ ಹೊರಗೆ. ಮುಖಕ್ಕೆ ಪೌಡರ್ ಹಚ್ಚುವಂತಿಲ್ಲ. ಪೆನ್ಸಿಲ್ ಕೂಡ ಒಯ್ಯುವಂತಿಲ್ಲ, ಅದರ ಕಪ್ಪು ಪುಡಿಯೂ ಅಲ್ಲಿ ಧೂಳೇ.

"ಆ ಚೂರು ಎಲ್ಲಿ ಕೂತಿತ್ತು?"

ಅಮ್ಮ ಎರಡು ಬೆರಳನ್ನು ತುದಿಗೆ ತುದಿ ತಾಗಿಸಿ ತೋರಿಸಿದಳು. "ಇದು ಚಿಪ್ಪು. ಇದು ಗಾಜಿನ ಎಳೆ, ಕೂದಲಿನಷ್ಟು ಸಣ್ಣ. ನೀನು ಫೋನಲ್ಲಿ ನೋಡೋ ವಿಡಿಯೋ ಎಲ್ಲ ಬೆಳಕಾಗಿ ಇಂಥ ಎಳೆಯೊಳಗೇ ಓಡಿ ಬರೋದು. ಆ ಬೆಳಕನ್ನ ಕಳಿಸೋದೂ ಹಿಡಿಯೋದೂ ಈ ಚಿಪ್ಪು. ಎರಡನ್ನೂ ಎದುರುಬದುರು ತಂದು, ಒಂದು ತೊಟ್ಟು ಅಂಟು ಹಾಕಿ ಕೂರಿಸೋದು ನನ್ನ ಕೆಲಸ. ಇವತ್ತು ಆ ಅಂಟೊಳಗೆ ಈ ಚೂರು ಬಿದ್ದುಬಿಟ್ಟಿತ್ತು."

"ಬೆಳಕು ಆ ಕಡೆ ಹೋಗಲೇ ಇಲ್ವಾ? ನೀನು ನೋಡಿದ್ಯಾ?"

"ಅದು ಕಣ್ಣಿಗೆ ಕಾಣೋ ಬೆಳಕಲ್ಲ ಕಣೇ."

"ಕಾಣದೆ ಇರೋದು ಬೆಳಕು ಹೇಗಾಗುತ್ತೆ?"

"ಮೀಟರಿಗೆ ಕಾಣುತ್ತೆ. ಬೆಳಕು ದಾಟಿದರೆ ನಂಬರ್ ಏರುತ್ತೆ, ಇಲ್ಲದಿದ್ದರೆ ಬೀಳುತ್ತೆ. ಇವತ್ತು ದೊಪ್ಪಂತ ಬಿತ್ತು. ಇಡೀ ಕೋಣೆಯ ಕೆಲಸ ನಿಲ್ಲಿಸಿ ಗೋಡೆ, ಮೇಜು ಎಲ್ಲ ಒರೆಸಿದ್ವಿ." ಅಮ್ಮ ಬ್ಯಾಗನ್ನು ಕೆಳಗಿಟ್ಟಳು. "ಆ ಹೊಸ ಹುಡುಗಿದೇ ಅದು. ಸೇರಿದ ದಿನ ನೇರಳೆ ನೈಲ್ ಪಾಲಿಶ್ ಹಾಕ್ಕೊಂಡು ಬಂದಿದ್ದಳು. ನಾನೇ ಮೇಡಂಗೆ ಹೇಳಿದೆ. ನಾಳೆಯಿಂದ ಅವಳನ್ನ ಪ್ಯಾಕಿಂಗಿಗೆ ಹಾಕ್ತಾರೆ."

ಯಾಕಮ್ಮನ ಮುಖ ಸಪ್ಪಗಾಯಿತು. ಹೊಸ ಅಕ್ಕ ಅವಳಿಗೆ ಗೊತ್ತು. ಬೆಳಿಗ್ಗೆ ಅಮ್ಮನ ವ್ಯಾನು ಬೀದಿಯ ತಿರುವಿಗೆ ಬಂದಾಗ ಕಿಟಕಿಯಿಂದ ಕೈ ಬೀಸುವವಳು ಅವಳೊಬ್ಬಳೇ.

"ಪಾಲಿಶ್ ಅಳಿಸಿಕೊಂಡಿದ್ದಳಲ್ವಾ?"

"ಅಳಿಸಿದ್ದಳು. ಎಲ್ಲೋ ಒಂಚೂರು ಉಳಿದಿರುತ್ತೆ."

"ಆದರೆ ನೈಲ್ ಪಾಲಿಶ್ ಒಡೆದರೆ ಆರು ಮೂಲೆ ಬರುತ್ತಾ?"

"ಯಾರಿಗೆ ಗೊತ್ತು! ತಲೆ ತಿನ್ನಬೇಡ, ಒಂದು ಲೋಟ ನೀರು ಕೊಡು."

ಯಾಕಮ್ಮ ನೀರು ಕೊಟ್ಟಳು. ಆದರೆ ಪ್ರಶ್ನೆ ತಲೆಯೊಳಗೇ ಉಳಿಯಿತು. ಅವಳ ಕಾಲಿನ ಹೆಬ್ಬೆರಳಲ್ಲಿ ಹಳೆಯ ಕೆಂಪು ಪಾಲಿಶ್ ಸ್ವಲ್ಪ ಉಳಿದಿತ್ತು. ಅದನ್ನು ಕೆರೆದು ಬಿಳಿ ಹಾಳೆಯ ಮೇಲೆ ಉದುರಿಸಿದಳು.

"ತಾತ, ಒಂದು ನಿಮಿಷ ನಿನ್ನ ಭೂತಗನ್ನಡಿ ಕೊಡು."

"ಇದಿಲ್ಲದೆ ನಾನು ಕುರುಡ. ಬೇಗ ಕೊಡಬೇಕು," ಎಂದು ತಾತ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ಕಪ್ಪು ಕೊಳವೆಯನ್ನು ತೆಗೆದುಕೊಟ್ಟರು.

ಯಾಕಮ್ಮ ಅದನ್ನು ಕಣ್ಣಿಗಿಟ್ಟು ಬಗ್ಗಿದಳು. ಪಾಲಿಶ್ ಚೂರುಗಳು ಒಡೆದ ಹೆಂಚಿನ ಹಾಗಿದ್ದವು. ಒಂದಕ್ಕೆ ಮೂರು ಮೂಲೆ, ಒಂದಕ್ಕೆ ಏಳು, ಒಂದಕ್ಕೆ ಮೂಲೆಯೇ ಇಲ್ಲ. ಒಂದರಂತೆ ಇನ್ನೊಂದಿರಲಿಲ್ಲ. ಅವಳಿಗೆ ಖುಷಿಯಾಯಿತು. ಇನ್ನೂ ಏನೇನಿದೆ ನೋಡೋಣ ಎಂದು ಅಡುಗೆಮನೆಗೆ ಓಡಿ ಒಂದು ಚಿಟಿಕೆ ಉಪ್ಪು ತಂದಳು. ಉಪ್ಪು ಪುಟ್ಟ ಪುಟ್ಟ ಡಬ್ಬಿಗಳ ಹಾಗಿತ್ತು. ಸಕ್ಕರೆಯೂ ಹೆಚ್ಚುಕಡಿಮೆ ಹಾಗೆಯೇ. ತನ್ನ ಸ್ಕೂಲ್ ಬ್ಯಾಗಿನ ತಳದಲ್ಲಿದ್ದ ಪೆನ್ಸಿಲ್ ಹೊಟ್ಟು, ಕಿಟಕಿಯ ಸರಳಿನ ಧೂಳು, ತಾತನ ತೋಳಿನಿಂದ ಕಿತ್ತ ಒಂದು ಕೂದಲು, ಒಂದನ್ನೂ ಬಿಡಲಿಲ್ಲ.

"ಅಯ್ಯೋ! ಕೂದಲು ಕೇಳಿ ಕೀಳಬಾರದಾ?"

"ಕೇಳಿದರೆ ಕೊಡ್ತಿರಲಿಲ್ಲ."

ಆಗ ಅವಳ ಮೊಣಕೈ ಹತ್ತಿರ ಏನೋ ಫಳ್ ಎಂದಿತು. ಭಾನುವಾರ ಸ್ಕೂಲಿಗೆ ಗ್ರಹಗಳ ಚಾರ್ಟ್ ಮಾಡಿದ್ದಳು, ಆಕಾಶಕ್ಕೆ ಹೊಳೆಯುವ ಗ್ಲಿಟರ್ ಪುಡಿ ಉದುರಿಸಿದ್ದಳು. ಎರಡು ಸಲ ಸ್ನಾನವಾಗಿದ್ದರೂ ಒಂದು ಚೂರು ಇನ್ನೂ ಅಲ್ಲೇ ಅಂಟಿಕೊಂಡಿತ್ತು. ಒದ್ದೆ ಬೆರಳಲ್ಲಿ ತೆಗೆದು ಹಾಳೆಯ ಮೇಲಿಟ್ಟು ನೋಡಿದಳು.

ನೇರಳೆ. ಕತ್ತರಿಸಿಟ್ಟ ಹಾಗೆ. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಆರು.

ಯಾಕಮ್ಮನಿಗೆ ಆಗ ನೆನಪಾಯಿತು. ಭಾನುವಾರ ಗ್ಲಿಟರ್ ಸುರಿದುಕೊಳ್ಳಲು ತಟ್ಟೆ ಸಿಕ್ಕಿರಲಿಲ್ಲ. ಕೈಗೆ ಸಿಕ್ಕಿದ್ದು ಅಮ್ಮನ ಕನ್ನಡಕದ ಡಬ್ಬಿ. ಅದರ ಮುಚ್ಚಳದಲ್ಲೇ ಸುರಿದುಕೊಂಡಿದ್ದಳು. ಆಮೇಲೆ ಒರೆಸಿಟ್ಟಿದ್ದಳು, ಚೆನ್ನಾಗಿಯೇ.

ಅಮ್ಮ ಸ್ನಾನಕ್ಕೆ ಹೋಗಿದ್ದಳು. ಕನ್ನಡಕ ಮೇಜಿನ ಮೇಲಿತ್ತು. ಕಾರ್ಖಾನೆಯ ಆ ಕೋಣೆಯೊಳಗೆ ಹೋಗುವ ಮುಂಚೆ ಅದನ್ನು ಒದ್ದೆ ಟಿಶ್ಯೂವಿನಲ್ಲಿ ಒರೆಸಲೇಬೇಕು ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಗಾಜು ಫಳಫಳ ಎನ್ನುತ್ತಿತ್ತು. ಕಡ್ಡಿಗಳೂ ಶುಭ್ರವಾಗಿದ್ದವು. ಆದರೆ ಕಡ್ಡಿ ಮಡಚುವ ಕೀಲಿನಲ್ಲಿ, ಪುಟ್ಟ ಸ್ಕ್ರೂವಿನ ಪಕ್ಕದಲ್ಲಿ, ಇನ್ನೊಂದು ನೇರಳೆ ಚೂರು ಕೂತಿತ್ತು.

ಸೂಜಿ ತುದಿಯಲ್ಲಿ ಒಮ್ಮೆ ಮೀಟಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಅಮ್ಮ ಹನ್ನೆರಡು ವರ್ಷದಲ್ಲಿ ಒಂದು ಚಿಪ್ಪನ್ನೂ ಹಾಳು ಮಾಡಿದವಳಲ್ಲ. ಅದನ್ನು ಅವಳು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು, ಹಾಲು ಹಾಕುವವನನ್ನೂ ಬಿಟ್ಟಿರಲಿಲ್ಲ.

ಆದರೆ ನಾಳೆ ಹೊಸ ಅಕ್ಕ ಪ್ಯಾಕಿಂಗಿಗೆ ಹೋಗುತ್ತಾಳೆ.

"ಏನಾಯ್ತೇ? ಎರಡು ನಿಮಿಷದಿಂದ ಒಂದು ಪ್ರಶ್ನೆನೂ ಇಲ್ಲ. ಹುಷಾರಿಲ್ವಾ?" ಎಂದರು ತಾತ.

ಯಾಕಮ್ಮ ಸ್ನಾನದ ಮನೆಯ ಬಾಗಿಲು ತೆರೆಯುವವರೆಗೆ ಕನ್ನಡಕ ಹಿಡಿದು ನಿಂತೇ ಇದ್ದಳು.

"ಅಮ್ಮ, ಇಲ್ಲಿ ಬಾ. ಇದನ್ನ ನೋಡು. ಬೈಯೋದಿದ್ದರೆ ಆಮೇಲೆ ಬೈ."

ಅಮ್ಮ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಗ್ಗಿದಳು. ಮೊದಲು ಹಾಳೆಯ ಮೇಲಿನ ಚೂರು ನೋಡಿದಳು. ಆಮೇಲೆ ಕೀಲಿನಲ್ಲಿದ್ದದ್ದು. ತಾತನ ಮೇಜಿನ ಮೇಲೆ ರಿಪೇರಿಯಾದ ಒಂದು ವಾಚು ಟಿಕ್ ಟಿಕ್ ಎನ್ನುತ್ತಿತ್ತು.

"ಗ್ಲಿಟರ್," ಎಂದಳು ಯಾಕಮ್ಮ. "ಚಾರ್ಟಿಂದು. ನಿನ್ನ ಡಬ್ಬಿ ಮುಚ್ಚಳದಲ್ಲಿ ಸುರ್ಕೊಂಡಿದ್ದೆ."

"ನನ್ನ ಡಬ್ಬಿನೇ ಬೇಕಿತ್ತಾ ನಿನಗೆ? ಮನೇಲಿ ಬೇರೆ ಪಾತ್ರೆ ಇರಲಿಲ್ವಾ?" ಅಮ್ಮನ ದನಿ ಏರಿತು. ಯಾಕಮ್ಮನ ಕಣ್ಣು ತುಂಬಿತು. ಅಮ್ಮ ಇನ್ನೂ ಏನೋ ಹೇಳಲು ಬಾಯಿ ತೆರೆದವಳು, ಹಾಳೆಯ ಮೇಲೆ ಸಾಲಾಗಿದ್ದ ಉಪ್ಪು, ಸಕ್ಕರೆ, ಕೆಂಪು ಪಾಲಿಶ್, ತಾತನ ಕೂದಲು ನೋಡಿ ನಿಂತಳು. "ಇವನ್ನೆಲ್ಲ ನೋಡಿದ್ಯಾ?"

"ಹೂಂ. ಪಾಲಿಶಿಗೆ ಆರು ಮೂಲೆ ಬರಲ್ಲ."

"ನಾನು ನೋಡಲೇ ಇಲ್ಲ," ಎಂದಳು ಅಮ್ಮ ಮೆಲ್ಲಗೆ. ಫೋನ್ ಎತ್ತಿಕೊಂಡಳು.

"ಮೇಡಂ, ಆ ಚೂರು ನನ್ನದು. ಹೌದು, ನನ್ನ ಕನ್ನಡಕದಲ್ಲಿತ್ತು... ಗ್ಲಿಟರ್ ಮೇಡಂ, ಮಕ್ಕಳು ಚಾರ್ಟಿಗೆ ಹಾಕೋದು... ಮಗಳದ್ದು ಅಂತ ಯಾಕೆ ಬರೀತೀರಿ? ಕನ್ನಡಕ ನನ್ನದು, ನನ್ನ ಹೆಸರೇ ಬರ್ಕೊಳ್ಳಿ... ಆ ಹುಡುಗಿ ಅವಳ ಜಾಗದಲ್ಲೇ ಇರಲಿ."

ಫೋನ್ ಇಟ್ಟು ಅಮ್ಮ ಉಸಿರು ಬಿಟ್ಟಳು. "ಒಂದು ವಾರ ನಾನು ಪ್ಯಾಕಿಂಗು. ಆಮೇಲೆ ಹೊಸಬರ ಜೊತೆ ಟ್ರೈನಿಂಗು, ಕೈ ತೊಳೆಯೋದರಿಂದ ಶುರು."

"ಹನ್ನೆರಡು ವರ್ಷ ಆದ್ಮೇಲೆ ಮತ್ತೆ ಒಂದನೇ ಕ್ಲಾಸು! ಸ್ಲೇಟು ತಂದುಕೊಡಲಾ?" ಎಂದರು ತಾತ.

ಅಮ್ಮ ನಗಲಿಲ್ಲ. "ಆ ಹುಡುಗಿಗೆ ಇನ್ನೊಂದು ಫೋನ್ ಬಾಕಿ ಇದೆ ಅಪ್ಪ. ಅದೇ ಕಷ್ಟ," ಎಂದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. "ನೋಡದೆ ಹೇಳಿಬಿಟ್ಟೆ ಕಣಮ್ಮ," ಎಂಬಷ್ಟು ಕೇಳಿಸಿತು. ಆಮೇಲೆ ಅಮ್ಮ ಬಹಳ ಹೊತ್ತು ಬರೀ ಕೇಳಿಸಿಕೊಳ್ಳುತ್ತಾ ನಿಂತಿದ್ದಳು.

ಬೆಳಿಗ್ಗೆ ಯಾಕಮ್ಮ ಸ್ಕೂಲ್ ಬ್ಯಾಗ್ ಹೊತ್ತು ಅಮ್ಮನ ಜೊತೆ ಬೀದಿಯ ತಿರುವಿನವರೆಗೆ ಹೋದಳು. ವ್ಯಾನು ಬಂತು. ಹೊಸ ಅಕ್ಕ ಎಂದಿನ ಕಿಟಕಿಯಲ್ಲೇ ಇದ್ದಳು, ಆದರೆ ಈ ಕಡೆ ನೋಡಲಿಲ್ಲ. ಅಮ್ಮ ಹತ್ತಿ ಅವಳ ಸೀಟಿನ ಹತ್ತಿರ ನಿಂತಳು. ಸ್ವಲ್ಪ ಹೊತ್ತಿಗೆ ಹೊಸ ಅಕ್ಕ ಪಕ್ಕದಲ್ಲಿಟ್ಟಿದ್ದ ತನ್ನ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಮ್ಮ ಪಕ್ಕದಲ್ಲಿ ಕೂತಳು.

ವ್ಯಾನು ಹೊರಟಾಗ ಹೊಸ ಅಕ್ಕ ತಿರುಗಿ, ಕಿಟಕಿಯ ಹೊರಗೆ ಕೈ ಚಾಚಿ ಬೀಸಿದಳು.

ಯಾಕಮ್ಮನೂ ಕೈ ಎತ್ತಿದಳು. ಅಂಗೈಯಲ್ಲಿ ಏನೋ ಫಳ್ ಎಂದಿತು. ಅವಳು ಆ ಕೈಯನ್ನು ಬಿಗಿಯಾಗಿ ಮುಚ್ಚಿ ಜೇಬಿಗೆ ಹಾಕಿಕೊಂಡಳು. ಇನ್ನೊಂದು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ಎತ್ತಿ ಜೋರಾಗಿ ಬೀಸಿದಳು.