ಬಾನಿ ತುಂಬುವ ತನಕ

"ಮುತ್ಯಾ, ನಾಳಿ ನೀ ಬರಬ್ಯಾಡ!"

ಸುಗಲಾ ಅಂದೇಬಿಟ್ಟಳು. ಅವಳ ಅಜ್ಜ ಮಾಣಿಕಪ್ಪ ಹೊಲದ ದಾರಿಯಲ್ಲಿ ಮೂರನೇ ಸಲ ನಿಂತು ಏದುಸಿರು ಬಿಡುತ್ತಿದ್ದ.

ನಾಳೆ ಕೊಹೀರಿನ ಸ್ಕೂಲಿನಲ್ಲಿ ಗ್ಯಾದರಿಂಗ್. ಸುಗಲಾ ಸ್ಟೇಜ್ ಮೇಲೆ ಹಾಡುವವಳಿದ್ದಳು. ಹಾಡು ಕಲಿಸಿದವನೇ ಮುತ್ಯಾ. ಆದರೆ ಎಂಟರ ಬಸ್ಸು ಯಾರಿಗೂ ಕಾಯುವುದಿಲ್ಲ.

"ನೀ ಹಿಂಗ ನಿಂತ್ರ ಬಸ್ ತಪ್ತದ."

ಮಾಣಿಕಪ್ಪನ ಮುಖ ಸಣ್ಣದಾಯಿತು. "ಆತು ಬಿಡವ್ವಾ," ಎಂದ.

ಬಾವಿ ಬಂತು. ಉಳ್ಳಾಗಡ್ಡಿ ಮಡಿಗೆ ನೀರು ಬಿಡಬೇಕಿತ್ತು. ಎತ್ತುಗಳು ಹಗ್ಗ ಎಳೆದರೆ ತೊಗಲಿನ ಬಾನಿ ನೀರು ಹೊತ್ತು ಮೇಲೆ ಬರುತ್ತದೆ.

"ಇವತ್ತು ಎತ್ತು ನಾ ಹೊಡೀತೀನಿ!"

ಬಾನಿ ನೀರಿಗೆ ಬಿದ್ದದ್ದೇ ತಡ, ಸುಗಲಾ "ಹೊಯ್!" ಎಂದಳು. ಬಂದದ್ದು ಅರ್ಧ ಬಾನಿ ನೀರು. ಇನ್ನೊಮ್ಮೆ, ಇನ್ನೂ ಜೋರಾಗಿ ಹೊಡೆದಳು. ಮತ್ತೆ ಅರ್ಧವೇ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಎತ್ತಿಗಿ ಶಕ್ತಿ ಇಲ್ಲೇನು ಮುತ್ಯಾ?"

"ಎತ್ತಿಗಿ ಏನಾಗ್ಯಾದ? ಹುಲಿ ಇದ್ದಂಗ ಅವ. ಬಾನಿ ತೊಗಲು ಹಳೇದಾಗಿ ಬಿರುಸಾಗ್ಯಾದ. ಅದು ಸಡಿಲಾಗಿ ತುಂಬಾಕ ಜರಾ ಟೈಮ್ ಬೇಕು. ನೀ ಗಡಬಡಿ ಮಾಡಿದ್ರ ಅರ್ಧಾನೇ ಬರ್ತದ."

ಮಾಣಿಕಪ್ಪ ಎದೆ ಮುಟ್ಟಿಕೊಂಡು ನಕ್ಕ. "ದವಾಖಾನಿ ಡಾಕ್ಟರ್ ಸಾಬ್ರು ನನ್ನ ಗುಂಡಿಗಿಗೂ ಇದೇ ಅಂದಾರ. ದಬ್ಬೋ ಜೋರು ಮೊದಲಿನಂಗೇ ಅದ. ವಯಸ್ಸಾಗಿ ಬಿರುಸಾಗ್ಯಾದ, ಸಡಿಲಾಗಿ ರಕ್ತ ತುಂಬ್ಕೊಳ್ಳಾಕ ತಡ ಆಗ್ತದ. ಓಡಿದ್ರ ಅದಕ್ಕ ಟೈಮ್ ಸಿಗಂಗಿಲ್ಲ. ಅದಕ್ಕೇ ನಿಲ್ತೀನಿ."

ಸುಗಲಾ ಬಾನಿಯನ್ನು ಮತ್ತೆ ಇಳಿಬಿಟ್ಟು ಈ ಸಲ ಕಿವಿಗೊಟ್ಟು ನಿಂತಳು. ಗುಳುಗುಳು ಸದ್ದು ನಿಂತಿತು, ಹಗ್ಗ ಬಿಗಿಯಾಯಿತು. ಆಮೇಲೆ ಎತ್ತು ಹೊಡೆದಳು. ತುಂಬಿದ ಬಾನಿ ಕಾಲುವೆಗೆ ದಬದಬ ಸುರಿಯಿತು.

ಮರುದಿನ ಆರೂವರೆಗೇ ಅವಳು ಮುತ್ಯಾನ ರುಮಾಲು ಹಿಡಿದು ನಿಂತಿದ್ದಳು.

"ನಡಿ, ಹೋಗಮು."

"ಬಸ್ ಎಂಟಕ್ಕಲ್ಲೇನು?"

"ಎಂಟಕ್ಕೇ. ನಡಿ."

ದಾರಿಯಲ್ಲಿದ್ದ ಬೇವಿನ ಮರದ ಹತ್ತಿರ ಈ ಸಲ ಮೊದಲು ನಿಂತವಳು ಸುಗಲಾ. ಚೆನ್ನಾಗೇ ಇದ್ದ ರಿಬ್ಬನ್ ಬಿಚ್ಚಿ, ಮೆಲ್ಲಗೆ ಮತ್ತೆ ಕಟ್ಟಿಕೊಂಡಳು. ಮುತ್ಯಾನ ಉಸಿರು ಹದಕ್ಕೆ ಬರುವುದನ್ನು ಕಿವಿಗೊಟ್ಟು ಕೇಳಿದಳು.

"ತುಂಬ್ತೇನು ಮುತ್ಯಾ?"

ಮಾಣಿಕಪ್ಪ ಅವಳನ್ನೇ ನೋಡಿದ. ಮುಖ ತುಂಬ ನಗು ಬಂತು.

"ತುಂಬ್ತು. ಹೊಡಿ ಎತ್ತು!"