ಕವುಚಿಟ್ಟ ಕರಟ

"ಅಜ್ಜೀ, ಅಲ್ಲಿ ಕಾಲಿಡ್ಬ್ಯಾಡ! ಸಿದ್ದಗಂಗಳ ಮನೆ ತುಳೀತಿದ್ದೀಯ!"

ಶಿವರುದ್ರಮ್ಮ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿ ಕೆಳಗೆ ನೋಡಿದಳು. ಜಗಲಿಯ ತುಂಬ ತೆಂಗಿನ ಕರಟಗಳು. ಒಂದೊಂದರ ಒಳಗೂ ಹುಣಸೆ ಬೀಜಗಳು. ನಡುವೆ ಮೊಮ್ಮಗಳು ಗಿರಿಜಾ ಸೀಮೆಸುಣ್ಣ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು.

"ಅಯ್ಯಯ್ಯೋ! ಇಡೀ ಊರ್ನೇ ತಂದು ನನ್ ಜಗ್ಲಿ ಮ್ಯಾಲಿಟ್ಟಿದ್ದೀಯಲ್ಲೇ! ನಾನೀಗ ಒಳೀಕ್ ಹೋಗ್ಬೇಕಂದ್ರೆ ತುರುವೇಕೆರೆ ಬಸ್ ಹತ್ತಿ ಸುತ್ಕಂಡ್ ಬರ್ಬೇಕಾ?"

ಬೇರೆ ದಿನವಾಗಿದ್ದರೆ ಗಿರಿಜಾ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ನಗಲಿಲ್ಲ.

ಊರಿಗೆ ಅಮ್ಮ ಬಂದಿತ್ತು. ಮಕ್ಕಳ ಮೈತುಂಬ ಕೆಂಪು ಗುಳ್ಳೆ, ಮುಟ್ಟಿದರೆ ಕೈ ಸುಡುವ ಜ್ವರ. ಡಾಕ್ಟರು ಅದಕ್ಕೆ ದಡಾರ ಅಂದರು. ಊರಿನವರು ಅಮ್ಮ ಅಂದರು. ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿ ಕಟ್ಟಿ, ಕಾಗೆ ಕೂರಲೂ ನೆರಳಿಲ್ಲದಂತೆ ಬೇವಿನ ಮರಗಳು ಬೋಳಾಗಿದ್ದವು.

ಮೊದಲು ಬಂದದ್ದು ಗಿರಿಜಾಳ ಗೆಳತಿ ಸಿದ್ದಗಂಗಳ ತಮ್ಮ ಮರುಳಸಿದ್ದನಿಗೆ. ಅವನು ಅತ್ತರೆ ದಬ್ಬೇಘಟ್ಟದ ರಸ್ತೆಯಲ್ಲಿ ಹೋಗುವ ಎತ್ತುಗಳು ನಿಂತುಬಿಡುತ್ತಿದ್ದವು. ಜ್ವರ ಬಂದಾಗ ಅವನ ಅಳು ಬೀದಿಯ ಈ ತುದಿಯಲ್ಲಿದ್ದ ಗಿರಿಜಾಳ ಮನೆಗೂ ಕೇಳುತ್ತಿತ್ತು. ಆಮೇಲೆ ಅವರ ಪಕ್ಕದ ಮನೆಗಷ್ಟೇ ಕೇಳಿತು. ಆಮೇಲೆ ಒಂದು ಬೆಳಗ್ಗೆ ಯಾರಿಗೂ ಕೇಳಲಿಲ್ಲ.

ಈ ಕರಟದ ಲೆಕ್ಕ ಕಲಿಸಿದ್ದು ಶ್ರೀರಂಗಯ್ಯ ಮೇಷ್ಟ್ರು. ಇಸ್ಕೂಲಿಗೆ ರಜ ಕೊಡುವ ದಿನ ಅಂಗಳದಲ್ಲಿ ಕರಟ ಹರಡಿದ್ದರು.

"ಕರಟ ಅಂದ್ರೆ ಮನೆ. ಬೀಜ ಅಂದ್ರೆ ನೀವು. ಕಾಯಿಲೆ ಬಂದೋರಿಗೆ ಸೀಮೆಸುಣ್ಣ ಹಚ್ಚೋದು. ಒಂದು ಬೀಜ ಹೋಗಿ ಮೂರು ಬೀಜ ಮುಟ್ಟುತ್ತೆ. ಆ ಮೂರೂ ಹೋಗಿ ಮೂರ್ಮೂರನ್ನ ಮುಟ್ತವೆ."

ಸ್ವಲ್ಪ ಹೊತ್ತಿಗೇ ಹಚ್ಚಲು ಬೀಜವೇ ಉಳಿಯಲಿಲ್ಲ. ಆಗ ಮೇಷ್ಟ್ರು ಒಂದನ್ನು ಬಿಟ್ಟು ಉಳಿದೆಲ್ಲ ಬೀಜ ಒರೆಸಿ, ಒಂದೊಂದೇ ಕರಟವನ್ನು ಬೀಜದ ಮೇಲೆ ಕವುಚಿಟ್ಟರು. "ಇದು ಬಾಗಿಲು ಹಾಕಿದ ಮನೆ. ಈಗ ಹೇಳ್ರಪ್ಪ, ಸುಣ್ಣದ ಬೀಜ ಎಲ್ಲಿಗೆ ಹೋಗುತ್ತೆ?"

ಎಲ್ಲಿಗೂ ಹೋಗಲಿಲ್ಲ. ಆದರೆ ರಜ ಅಂದದ್ದೇ ತಡ, ಗುಳ್ಳೆ ಏಳದ ಮಕ್ಕಳೆಲ್ಲ ಕೆರೆಗೆ ಓಡಿದ್ದರು.

"ಅಜ್ಜೀ, ನನ್ ಲೆಕ್ಕ ಸರಿಯಾಗ್ತಿಲ್ಲ," ಅಂದಳು ಗಿರಿಜಾ. "ಸಿದ್ದಗಂಗಳ ಮನೆ ಕರಟ ಕವುಚಿಟ್ಟೆ. ಆಗ ಯಾರಿಗೂ ಬರ್ಬಾರ್ದಿತ್ತು. ಎಲ್ರಿಗೂ ಬಂತಲ್ಲ?"

"ಅವ್ರ್ ಎಲ್ಲೇ ಬಾಗ್ಲು ಹಾಕಿದ್ರು?" ಅಜ್ಜಿ ಗೋಡೆಗೆ ಒರಗಿ ಕೂತಳು. "ಅಮ್ಮ ತಣ್ಣಗಾಗ್ಲಿ ಅಂತ ಮೊಸರನ್ನಕ್ಕೆ ಕರೆದಿದ್ರಲ್ಲ, ಬೀದಿ ಮಕ್ಕಳ್ನೆಲ್ಲ. ನಾನೇ ನಿನ್ ಕೈಗೆ ಮೊಸರಿನ ಚೆಂಬು ಕೊಟ್ಟು..."

ಅಜ್ಜಿಯ ಮಾತು ಅಲ್ಲೇ ನಿಂತಿತು. ಬಾಯಿಗೆ ಬೀಗವಿಲ್ಲದ ಅಜ್ಜಿ ಮಾತು ನಿಲ್ಲಿಸಿದ್ದನ್ನು ಗಿರಿಜಾ ನೋಡಿಯೇ ಇರಲಿಲ್ಲ.

ಗಿರಿಜಾ ಆ ಕರಟವನ್ನು ಮಗುಚಿದಳು. ಮೊಸರನ್ನಕ್ಕೆ ಕೂತವರ ಬೀಜಗಳನ್ನೆಲ್ಲ ಅದರೊಳಗೆ ಹಾಕಿದಳು. ಮರುಳಸಿದ್ದನ ಚಾಪೆಯ ಪಕ್ಕದಲ್ಲೇ ಎಲೆ ಹಾಕಿದ್ದರು. ಅವನು ಕೆಮ್ಮುತ್ತಿದ್ದ. ಅವತ್ತು ಉಂಡವರಿಗೆಲ್ಲ ಈಗ ಜ್ವರ. ಒಬ್ಬಳಿಗೆ ಮಾತ್ರ ಇಲ್ಲ.

"ಗುಳ್ಳೆ ಏಳೋಕೂ ಮುಂಚೇನೇ ಒಬ್ಬರಿಂದ ಒಬ್ಬರಿಗೆ ದಾಟುತ್ತಂತೆ. ಮೇಷ್ಟ್ರು ಹೇಳಿದ್ರು," ಅಂದಳು ಗಿರಿಜಾ.

ತನ್ನ ಬೀಜ ತೆಗೆದು ಸುಣ್ಣ ಹಚ್ಚಿದಳು. ತಮ್ಮ ಮನೆಯ ಕರಟಕ್ಕೆ ಹಾಕಿದಳು. ಅಲ್ಲಿ ಎಲ್ಲಕ್ಕಿಂತ ಸಣ್ಣದೊಂದು ಬೀಜವಿತ್ತು. ಅದು ತೋಂಟಿ, ಅವಳ ತಮ್ಮ. ಇನ್ನೂ ಅಂಬೆಗಾಲು.

"ಅದುಕ್ಕೆ ಸುಣ್ಣ ಹಚ್ಬ್ಯಾಡ ಕಣೇ!" ಅಜ್ಜಿ ಅವಳ ಕೈ ಹಿಡಿದಳು.

"ನಾನ್ ಹಚ್ತಿಲ್ಲ ಅಜ್ಜಿ. ಲೆಕ್ಕ ಹಚ್ತೈತೆ."

"ನಿಂಗೇನೇ ಆಗೈತೆ? ಒಳ್ಳೆ ಗುಂಡುಕಲ್ಲಂಗಿದ್ದೀಯ!"

"ಅವ್ರೂ ಹಂಗೇ ಇದ್ರಲ್ಲ."

ಒಳಗೆ ತೋಂಟಿ ಎದ್ದು ಅಳತೊಡಗಿದ. ಅವನನ್ನು ಎತ್ತಿಕೊಳ್ಳುವುದು ಯಾವಾಗಲೂ ಗಿರಿಜಾಳೇ. ಅಭ್ಯಾಸಬಲದಿಂದ ಎದ್ದು ನಿಂತಳು. ಬಾಗಿಲವರೆಗೆ ಹೋಗಿ ವಾಪಸ್ಸು ಬಂದು ಕೂತಳು.

"ಆಗ್ಲೇ ದಾಟಿದ್ರೆ ಅಜ್ಜಿ?"

ಅಜ್ಜಿ ಎದ್ದಳು. ಮೂಲೆಯ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ನಡಿ, ತೋಟದ ಮನೆಗೆ ಹೋಗಾಣ."

"ನಿಂಗ್ ಬಂದ್ರೆ?"

"ನಂಗೆ ಚಿಕ್ಕೋಳಿದ್ದಾಗ್ಲೇ ಬಂದಿತ್ತು. ನನ್ ಮೋರೆ ನೋಡಿ ಹೆದರ್ಕಂಡು ಅಮ್ಮ ಓಡೋದ್ಲು. ಇನ್ನೊಂದ್ಸಲ ಈ ಕಡೆ ತಿರುಗಿ ನೋಡಿಲ್ಲ."

ಅವ್ವ ಹೊರಗೆ ಬಂದು, "ಎಲ್ಲಿಗತ್ತೆ?" ಅಂದಳು.

"ದೊರೆಸಾನಿ ಬಿಡಾರ ಬದ್ಲಾಯಿಸ್ತಾವ್ಳೆ. ಊಟ ಬೇಲಿ ತಾವ್ ಇಟ್ಟು ಹೋಗು. ನೀನು ಒಳೀಕ್ ಬರ್ಬ್ಯಾಡ, ಮಗೀನ ಯಾರ್ ಕೈಗೂ ಕೊಡ್ಬ್ಯಾಡ."

ತೋಟದ ಮನೆಯ ಅಟ್ಟದ ತುಂಬ ಕೊಬ್ಬರಿಗೆ ಒಣಗುವ ಕಾಯಿಗಳು. ಅಲ್ಲಿನ ಇಲಿಗಳು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತವೆ ಅಂದಳು ಅಜ್ಜಿ. ಎರಡು ದಿನ ಗಿರಿಜಾ ಇಲಿ ನೋಡಲು ಕಾದಳು. ಆಮೇಲೆ ಕಣ್ಣು ಕೆಂಪಾಯಿತು. ಬೆಳಕು ಸೂಜಿಯಂತೆ ಚುಚ್ಚಿತು. ಮೈ ಕೆಂಡವಾಯಿತು, ಕಿವಿಯ ಹಿಂದೆ ಗುಳ್ಳೆ ಎದ್ದವು. ಅಜ್ಜಿ ಒದ್ದೆ ಬಟ್ಟೆ ಹಾಕುತ್ತಲೇ ಇದ್ದಳು. ತಮಾಷೆ ಮಾಡುವುದನ್ನು ಬಿಟ್ಟಿದ್ದಳು.

ಅವ್ವ ದಿನಾ ಬೇಲಿಯ ಹತ್ತಿರ ಗಂಜಿ ಇಟ್ಟು ಹೋಗುತ್ತಿದ್ದಳು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲವೆಂದು ತೋಂಟಿಯನ್ನೂ ಎತ್ತಿಕೊಂಡು ಬಂದಳು.

ಬಾಗಿಲಲ್ಲಿ ಅಕ್ಕನನ್ನು ಕಂಡದ್ದೇ ತೋಂಟಿ ಎರಡೂ ಕೈ ಚಾಚಿ, ಅವ್ವನ ಸೊಂಟದಿಂದ ಬೀಳುವಂತೆ ಬಗ್ಗಿದ. ಗಿರಿಜಾಳ ಕೈಗಳೂ ತಾವಾಗಿ ಮುಂದೆ ಬಂದವು.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗೆ ಸರಿದು, ಬಾಗಿಲು ಎಳೆದು ಅಗುಳಿ ಹಾಕಿದಳು.

ಹೊರಗೆ ತೋಂಟಿ ಕಿರುಚಿಕೊಂಡ. ಅಂಥ ಅಳು ಅವನು ಯಾವತ್ತೂ ಅತ್ತಿರಲಿಲ್ಲ.

"ಅಬ್ಬಬ್ಬಾ, ಏನ್ ಗಂಟ್ಲು! ತಿಪಟೂರು ಸಂತೇಲಿ ಬೆಲೆ ಕೂಗೋರೆಲ್ಲ ಬಾಯ್ ಮುಚ್ಕಂಡಿರ್ತಾರೆ," ಅಂದಳು ಅಜ್ಜಿ. ಅಂದು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗಿರಿಜಾ ಕತ್ತಲೆಯಲ್ಲಿ ಬಾಗಿಲಿಗೆ ಕಿವಿ ಹಚ್ಚಿ ಕೂತಳು. ಅವ್ವ ತೆಂಗಿನ ಸಾಲು ದಾಟಿದಳು, ಕಾಲುವೆ ದಾಟಿದಳು. ಅಳು ಅಲ್ಲಿಂದಲೂ ಬರುತ್ತಿತ್ತು.

"ಅಜ್ಜೀ," ಅಂದಳು ಗಿರಿಜಾ, "ಇನ್ನೂ ಕೇಳ್ತೈತೆ."